ಹೆಸರು ಗೊತ್ತಿಲ್ಲದ ಮನೆಯವರಿಗೆ

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಊರೂ ಗೊತ್ತಿಲ್ಲ. ಕೇಳಿದರೂ ಹೇಳುವುದಿಲ್ಲ, ನಿಯಮ ಹಾಗಿದೆ. ಅದಕ್ಕೇ ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ. ನಿಮ್ಮ ಕಣ್ಣಿಗೆ ಬಿದ್ದರೂ ಬೀಳಬಹುದು.

2022ರ ಜುಲೈನಲ್ಲಿ ನಿಮ್ಮ ಮನೆಯವರೊಬ್ಬರು ತೀರಿಕೊಂಡರು. ಅವರ ಒಂದು ಕಿಡ್ನಿ ನನಗೆ ಬಂತು. ಮೂರು ವರ್ಷದ ಮೇಲೆ, 2025ರ ಆಗಸ್ಟ್‌ನಲ್ಲಿ, ಅದನ್ನು ಹೊತ್ತುಕೊಂಡು ಜರ್ಮನಿಯ ಡ್ರೆಸ್ಡೆನ್‌ಗೆ ಹೋಗಿ ಭಾರತದ ಪರವಾಗಿ ಟೆನಿಸ್ ಆಡಿ ಬಂದೆ. ಅಂಗಾಂಗ ಕಸಿ ಮಾಡಿಸಿಕೊಂಡವರಿಗಾಗಿ ನಡೆಯುವ ವಿಶ್ವ ಕ್ರೀಡಾಕೂಟ ಅದು. 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಶುರುವಾದದ್ದು. ಓಟ, ಈಜು, ಬ್ಯಾಡ್ಮಿಂಟನ್, ಎಲ್ಲಾ ಇರುತ್ತದೆ. ಕಸಿಯಾಗಿ ಒಂದು ವರ್ಷ ಕಳೆದಿರಬೇಕು, ಡಾಕ್ಟರು ಒಪ್ಪಬೇಕು, ಅಷ್ಟೇ.

ನಾನೇನೂ ದೊಡ್ಡ ಆಟಗಾರನಲ್ಲ. ತುಮಕೂರಿನಲ್ಲಿ ಬೆಳಿಗ್ಗೆ ಆರಕ್ಕೆ ಡಬಲ್ಸ್ ಆಡಿ, ಇಡ್ಲಿ ತಿಂದು, ಆಫೀಸಿಗೆ ಹೋಗುತ್ತಿದ್ದವನು. 2020ರಲ್ಲಿ ಎರಡೂ ಕಿಡ್ನಿ ಕೈಕೊಟ್ಟವು. ರಾಜ್ಯದಲ್ಲಿ ಅಂಗಾಂಗ ದಾನದ ಕೆಲಸ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ಬರೆಸಿ ಕಾಯುತ್ತಾ ಕೂತೆ. ವಾರಕ್ಕೆ ಮೂರು ಡಯಾಲಿಸಿಸ್, ಸಲಕ್ಕೆ ನಾಲ್ಕು ಗಂಟೆ. ಇಡೀ ದಿನಕ್ಕೆ ಒಂದು ಲೀಟರ್ ನೀರು. ಎಳನೀರಂತೂ ಮುಟ್ಟುವ ಹಾಗಿಲ್ಲ, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ತೆಂಗಿನ ಸೀಮೆಯವನಿಗೆ ಇದಕ್ಕಿಂತ ಶಿಕ್ಷೆ ಬೇಕಾ? ಡಯಾಲಿಸಿಸ್ ಸೂಜಿ ಚುಚ್ಚಲು ಎಡಗೈಯಲ್ಲಿ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದರು. ಸರ್ವ್ ಮಾಡುವಾಗ ನಾನು ಬಾಲ್ ಮೇಲೆ ಎಸೆಯುವ ಕೈ ಅದು. ರಾಕೆಟ್ ಅಟ್ಟ ಸೇರಿತು.

ಒಂದು ಸಲ ಕರೆದು, ಕಿಡ್ನಿ ಇನ್ನೊಬ್ಬರಿಗೆ ಚೆನ್ನಾಗಿ ಹೊಂದುತ್ತದೆ ಎಂದು ವಾಪಸ್ ಕಳಿಸಿದರು. ಎರಡನೇ ಸಲ ರಾತ್ರಿ ಒಂದೂವರೆಗೆ ಫೋನ್ ಬಂತು. "ಏನೂ ತಿನ್ನಬೇಡಿ, ತಕ್ಷಣ ಹೊರಡಿ." ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್. "ಈ ಸಲ ಸಿಗಲಿ ದೇವರೇ" ಎಂದು ನಾನೂ ಹೆಂಡತಿಯೂ ದಾರಿಯುದ್ದಕ್ಕೂ ಹೇಳಿಕೊಂಡೇ ಹೋದೆವು. ದಾಬಸ್‌ಪೇಟೆ ದಾಟಿದ ಮೇಲೆ ಅವಳು ಸುಮ್ಮನಾದಳು. "ರೀ, ನಾವು ಏನು ಬೇಡಿಕೊಳ್ತಾ ಇದೀವಿ ಗೊತ್ತಾ?" ಎಂದಳು. ಆಮೇಲೆ ಆಸ್ಪತ್ರೆ ತಲುಪುವವರೆಗೂ ಇಬ್ಬರೂ ಮಾತಾಡಲಿಲ್ಲ.

ಈಗ ನನ್ನ ಹೊಟ್ಟೆಯಲ್ಲಿ ಮೂರು ಕಿಡ್ನಿ ಇವೆ. ಹಳೆಯವನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಹಾಗೇ ಬಿಡುತ್ತಾರೆ. ನಿಮ್ಮದು ಮುಂದೆ, ಬಲಕ್ಕೆ, ಕೆಳಹೊಟ್ಟೆಯಲ್ಲಿದೆ. ನೆಟ್ ಹತ್ತಿರ ಹೋದರೆ ಬಾಲ್ ಅಲ್ಲಿಗೇ ಬಂದು ಬಡಿಯುತ್ತದೇನೋ ಎಂದು ಭಯ. ಅದಕ್ಕೆ ಒಂದು ಪ್ಯಾಡ್ ಕಟ್ಟಿಕೊಂಡು ಆಡುತ್ತೇನೆ. ಬಾಲ್ ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ನನ್ನ ವಾಲಿ ಮೊದಲೇ ಅಷ್ಟಕ್ಕಷ್ಟೆ, ಈಗ ಕೇಳಲೇಬೇಡಿ.

ಡ್ರೆಸ್ಡೆನ್‌ನಲ್ಲಿ ಯಾರೂ "ಏನು ಕೆಲಸ?" ಎಂದು ಕೇಳಲಿಲ್ಲ. ನಮ್ಮಲ್ಲಿ "ಯಾವೂರು?" ಅಂತ ಕೇಳ್ತಾರಲ್ಲ, ಹಾಗೆ ಅಲ್ಲಿ "ಯಾವ ಅಂಗ? ಎಷ್ಟು ವರ್ಷ ಆಯ್ತು?" ಮೊದಲ ಪಂದ್ಯ ಗೆದ್ದೆ. ಎರಡನೆಯದರಲ್ಲಿ ಎದುರಿಗಿದ್ದವನದು ಲಿವರ್, ಕಸಿಯಾಗಿ ಹತ್ತೊಂಬತ್ತು ವರ್ಷ. ಆಟ ಸಂಜೆಯವರೆಗೂ ಎಳೆಯಿತು. ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕದಂತೆ ಹೊತ್ತಿಗೆ ಸರಿಯಾಗಿ ನುಂಗಬೇಕಾದ ನನ್ನ ಮಾತ್ರೆ ಊರಿನ ಲೆಕ್ಕದಲ್ಲಿ ರಾತ್ರಿ ಒಂಬತ್ತಕ್ಕೆ, ಅಲ್ಲಿಗೆ ಸಂಜೆ ಐದೂವರೆ. ಸೈಡ್ ಬದಲಿಸುವ ಹೊತ್ತಿಗೆ ಸರಿಯಾಗಿ ಬ್ಯಾಗಿನಲ್ಲಿ ಅಲಾರಂ ಹೊಡೆಯಿತು. ಕ್ಷಮಿಸಿ ಎನ್ನುವಷ್ಟರಲ್ಲಿ ಅವನೇ ನೀರಿನ ಬಾಟಲಿ ಚಾಚಿದ. ಮಾತ್ರೆ ನುಂಗಿ ಬಂದು ಎರಡು ಡಬಲ್ ಫಾಲ್ಟ್ ಮಾಡಿ ಸೋತೆ. ಅದು ಮಾತ್ರೆಯ ತಪ್ಪಲ್ಲ, ನನ್ನ ಸರ್ವ್ ಇರುವುದೇ ಹಾಗೆ.

ಆದರೆ ನಿಮಗೆ ಹೇಳಬೇಕಾದದ್ದು ಆಟದ ಮಾತಲ್ಲ. ಆ ಕೂಟಕ್ಕೆ ದಾನಿಗಳ ಮನೆಯವರೂ ಬರುತ್ತಾರೆ. ಒಬ್ಬ ತಾಯಿ ಮಗನ ಫೋಟೊ ಇರುವ ಬ್ಯಾಡ್ಜ್ ಹಾಕಿಕೊಂಡು ನಿಂತಿದ್ದರು. ನನಗೆ ಜರ್ಮನ್ ಬಾರದು, ಅವರಿಗೆ ನನ್ನ ಇಂಗ್ಲಿಷ್ ತಿಳಿಯಲಿಲ್ಲ. ಬೆನ್ನ ಮೇಲೆ ಇಂಡಿಯಾ ಎಂದು ಬರೆದ ಜರ್ಸಿ ಹಾಕಿಕೊಂಡು ಅವರ ಕೈ ಹಿಡಿದು ಸುಮ್ನೆ ನಿಂತೆ. ನಿಮ್ಮ ಕೈ ಅಂದುಕೊಂಡೆ.

ಉಳಿದವರಿಗೆ ಎದುರಿಗೇ ಹೇಳಿದ್ದೇನೆ. ಪ್ರಯಾಣಕ್ಕೆ ದುಡ್ಡು ಹೊಂದಿಸಿದ ಆಫೀಸಿನ ಗೆಳೆಯರಿಗೆ, ಸೂಜಿ ಚುಚ್ಚುವಾಗ ಕ್ರಿಕೆಟ್ ಸ್ಕೋರ್ ಹೇಳುತ್ತಿದ್ದ ಡಯಾಲಿಸಿಸ್ ಸಿಸ್ಟರ್‌ಗೆ, ಅಟ್ಟದಿಂದ ರಾಕೆಟ್ ಇಳಿಸಿ ಗಟ್ಟಿಂಗ್ ಹಾಕಿಸಿ ತಂದ ಮಗಳಿಗೆ. ನಿಮಗೆ ಮಾತ್ರ ಹೇಳಲು ಆಗಿರಲಿಲ್ಲ.

ಜುಲೈನ ಆ ದಿನವನ್ನು ನನ್ನ ಎರಡನೇ ಹುಟ್ಟುಹಬ್ಬ ಅನ್ನುತ್ತಾರೆ ಎಲ್ಲರೂ. ಆ ಹೊತ್ತಿಗೆ ನಿಮ್ಮ ಮನೆಯಲ್ಲಿ ತಿಥಿ ಇರುತ್ತದಲ್ವಾ? ಅದಕ್ಕೇ ನಾವು ಕೇಕ್ ತರುವುದಿಲ್ಲ. ಹೆಂಡತಿ ಮಧ್ಯಾಹ್ನ ಊಟಕ್ಕೆ ಒಂದು ಎಲೆ ಜಾಸ್ತಿ ಹಾಕುತ್ತಾಳೆ. ಅವರಿಗೆ ಏನು ಇಷ್ಟವಿತ್ತೋ ಗೊತ್ತಿಲ್ಲ. ಶಾವಿಗೆ ಪಾಯಸ ಬಡಿಸುತ್ತೇವೆ.