ಸಸಿಯ ಎತ್ತರ ಅಳೆಯುವವರು ಬೇರನ್ನೂ ನೋಡಲಿ

ಮಾನ್ಯರೇ,

ಮಳೆ ಹಿಡಿಯುತ್ತಿದ್ದಂತೆ ಸಸಿ ನೆಡುವ ಕಾರ್ಯಕ್ರಮಗಳು ಶುರುವಾಗುತ್ತವೆ. ಸಂತೋಷವೇ. ಆದರೆ ನಮ್ಮಂಥ ಸಣ್ಣ ನರ್ಸರಿಯವರ ಹತ್ತಿರ ಸಸಿ ಕೊಳ್ಳಲು ಬರುವವರು ಕೇಳುವುದು ಒಂದೇ ಮಾತು: 'ಎಷ್ಟು ಅಡಿ ಇದೆ?' ಬೇರು ಹೇಗಿದೆ ಎಂದು ಕೇಳುವವರೇ ಇಲ್ಲ.

ಹೊಂಗೆ ಸಸಿಯನ್ನೇ ತೆಗೆದುಕೊಳ್ಳಿ. ಚೀಲ ಸೀಳಿ, ಮಣ್ಣನ್ನು ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಒಳ್ಳೆಯ ಸಸಿಯಾದರೆ ಬೇರಿನ ಪಕ್ಕದಲ್ಲಿ ಸಣ್ಣ ಸಣ್ಣ ಗಂಟುಗಳು ಅಂಟಿಕೊಂಡಿರುತ್ತವೆ. ರೋಗ ಅಂದುಕೊಂಡು ಎಷ್ಟೋ ಜನ ಗಾಬರಿಯಾಗುತ್ತಾರೆ. ಬೇರಿಗೆ ಹತ್ತುವ ಜಂತುಹುಳದ ಗಂಟಾದರೆ ಬೇರು ತಾನೇ ಊದಿಕೊಂಡಿರುತ್ತದೆ, ಕಿತ್ತರೆ ಬರುವುದಿಲ್ಲ. ಇದು ಹಾಗಲ್ಲ, ಉಗುರು ತಾಗಿಸಿದರೆ ಸಾಕು, ಕಳಚಿ ಬರುತ್ತದೆ. ಸೀಳಿದಾಗ ಒಳಗೆ ನಸುಗೆಂಪಾಗಿದ್ದರೆ ಅಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ದುಡಿಯುತ್ತಿದೆ ಎಂದರ್ಥ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಗಿಡಕ್ಕೆ ಅದು ನೇರವಾಗಿ ದಕ್ಕುವುದಿಲ್ಲ. ಈ ಬ್ಯಾಕ್ಟೀರಿಯಾ ಅದನ್ನು ಗಿಡಕ್ಕೆ ಒಗ್ಗುವ ಹಾಗೆ ಮಾಡಿಕೊಡುತ್ತದೆ. ಬದಲಿಗೆ ಗಿಡ ತನ್ನ ಎಲೆಯಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ.

ಬೇವು, ನೇರಳೆಗೆ ಈ ಗಂಟು ಇರುವುದಿಲ್ಲ. ಅವುಗಳ ಬೇರಿನ ಸುತ್ತ ಅಜೋಸ್ಪೈರಿಲಂ, ಬ್ಯಾಸಿಲಸ್, ಸೂಡೊಮೊನಾಸ್‌ನಂಥ ಬೇರೆ ಬ್ಯಾಕ್ಟೀರಿಯಾಗಳು ಇರುತ್ತವೆ. ನಮ್ಮ ಕೆಂಪು ಮಣ್ಣಿನಲ್ಲಿ ಗಿಡಕ್ಕೆ ಬೇಕಾದ ರಂಜಕ ಕಬ್ಬಿಣದ ಜೊತೆ ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ. ಈ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಆಮ್ಲ ಬಿಟ್ಟು ಅದನ್ನು ಕರಗಿಸುತ್ತವೆ. ಇನ್ನು ಕೆಲವು ಬೇರು ಕವಲೊಡೆಯುವಂತೆ ಮಾಡುವ ಹಾರ್ಮೋನು ಕೊಡುತ್ತವೆ.

ಈಗ ಆಗುತ್ತಿರುವುದೇನು? ಅಡಿ ಲೆಕ್ಕದಲ್ಲಿ ದರ. ಹಾಗಾಗಿ ಸಸಿಗೆ ಯೂರಿಯಾ ನೀರು ಬೀಳುತ್ತದೆ. ಎಲೆ ಕಡುಹಸಿರು, ಕಾಂಡ ಉದ್ದ, ನೋಡೋಕೆ ಚಂದ. ಆದರೆ ಸಾರಜನಕ ಸುಲಭವಾಗಿ ಸಿಗುತ್ತಿದ್ದರೆ ಹೊಂಗೆ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಅಂಥ ಸಸಿಯನ್ನು ತಂದು ಜಲ್ಲಿ, ಸಿಮೆಂಟು ಚೂರು ತುಂಬಿದ ರಸ್ತೆ ಬದಿಯ ಗುಂಡಿಯಲ್ಲಿ ನಿಲ್ಲಿಸುತ್ತೇವೆ. ಅಲ್ಲಿ ಯೂರಿಯಾ ಹಾಕುವವರೂ ಇಲ್ಲ, ಮಣ್ಣಲ್ಲಿ ಇಂಥ ಬ್ಯಾಕ್ಟೀರಿಯಾವೂ ಕಡಿಮೆ. ಬೇಸಿಗೆಯಲ್ಲಿ ಒಣಗಿದರೆ ನೀರು ಹಾಕಲಿಲ್ಲ ಅಂತ ಯಾರನ್ನೋ ಬೈಯುತ್ತೇವೆ, ಅಲ್ವಾ?

ಸಸಿ ಖರೀದಿಸುವ ಇಲಾಖೆಗಳು, ಸಂಘ ಸಂಸ್ಥೆಗಳು ಷರತ್ತಿನಲ್ಲಿ ಎತ್ತರದ ಜೊತೆ ಬೇರಿನ ತಪಾಸಣೆಯನ್ನೂ ಸೇರಿಸಬೇಕು. ಪ್ರತಿ ಲೋಡಿನಲ್ಲಿ ನಾಲ್ಕಾರು ಚೀಲ ಸೀಳಿ ನೋಡಿದರೆ ಗೊತ್ತಾಗುತ್ತದೆ. ಚೀಲ ತುಂಬುವಾಗಲೇ ಕಳಿತ ಕೊಟ್ಟಿಗೆ ಗೊಬ್ಬರದ ಜೊತೆ ಜೈವಿಕ ಗೊಬ್ಬರ, ಅಂದರೆ ಇಂಥ ಬ್ಯಾಕ್ಟೀರಿಯಾ ಇರುವ ಪ್ಯಾಕೆಟ್, ಬೆರೆಸಿರಬೇಕು ಎಂದೂ ಬರೆಯಲಿ. ಆ ಪ್ಯಾಕೆಟ್ಟನ್ನು ಬಿಸಿಲಿಗಿಡಬಾರದು, ರಾಸಾಯನಿಕ ಗೊಬ್ಬರದ ಜೊತೆ ಕಲಸಬಾರದು, ಅವಧಿ ಮುಗಿದದ್ದನ್ನು ಕೊಳ್ಳಬಾರದು. ಅದರಲ್ಲಿರುವುದು ಜೀವ. ಅದೂ ಸಿಗದಿದ್ದರೆ ಆರೋಗ್ಯವಾಗಿರುವ ಹಳೇ ಹೊಂಗೆ ಮರದ ಬುಡದಿಂದ ಒಂದೊಂದು ಹಿಡಿ ಮಣ್ಣು ತಂದು ಹೊಂಗೆ ಸಸಿಯ ಚೀಲಕ್ಕೆ ಹಾಕಬಹುದು.

ಇದರಿಂದ ಸಸಿಯ ಬೆಲೆ ಸ್ವಲ್ಪ ಜಾಸ್ತಿಯಾಗುತ್ತದೆ, ಎತ್ತರ ಸ್ವಲ್ಪ ಕಡಿಮೆಯಾಗುತ್ತದೆ. ಮುಂದಿನ ಸಾಲಿನ ಟೆಂಡರ್ ಕರೆಯುವ ಮೊದಲೇ ಅಧಿಕಾರಿಗಳು ಇದಕ್ಕೆ ಒಪ್ಪಬೇಕೆಂದು ಕೇಳಿಕೊಳ್ಳುತ್ತೇನೆ.

– ನರ್ಸರಿ ನಡೆಸುವ ಓದುಗರೊಬ್ಬರು, ತಿಪಟೂರು