ವಲಸಿಗರ ಚರಿತ್ರೆ ಬರೆದ ಮೇಷ್ಟ್ರು

ಮಾನ್ಯ ಸಂಪಾದಕರೇ,

ಅಮೆರಿಕದ ವಲಸೆ ಅಂದರೆ ನಮ್ಮ ಪತ್ರಿಕೆಗಳಲ್ಲಿ ವೀಸಾ, ಗ್ರೀನ್ ಕಾರ್ಡ್ ಸುದ್ದಿಯೇ ಜಾಸ್ತಿ. ಆ ವಲಸೆಯ ಚರಿತ್ರೆ ಬರೆದ ಪ್ರೊಫೆಸರ್ ಆಸ್ಕರ್ ಹ್ಯಾಂಡ್ಲಿನ್ ಬಗ್ಗೆಯೂ ಒಮ್ಮೆ ಬರೆಯಿರಿ.

ಅವರು ಹುಟ್ಟಿದ್ದು 1915ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಅಮ್ಮ ರಷ್ಯಾ ಕಡೆಯಿಂದ ಬಂದ ಯಹೂದಿಗಳು. ಹಾರ್ವರ್ಡ್‌ನಲ್ಲಿ ಪಿಎಚ್‌ಡಿಗೆ ಆರಿಸಿಕೊಂಡಿದ್ದು ಬಾಸ್ಟನ್ ನಗರದ ವಲಸಿಗರ ಬದುಕನ್ನು. ಆಲೂಗಡ್ಡೆ ಬೆಳೆ ಕೊಳೆತು, ಹಸಿವು ತಾಳಲಾರದೆ ಹಡಗು ಹತ್ತಿದ ಐರಿಷ್ ಜನ ಅಲ್ಲಿ ಯಾವ ಕೂಲಿ ಮಾಡಿದರು, ಎಂಥ ಇಕ್ಕಟ್ಟಿನ ನೆಲಮಾಳಿಗೆಗಳಲ್ಲಿ ಮಕ್ಕಳನ್ನು ಮಲಗಿಸಿದರು? ಜನಗಣತಿ ಲೆಕ್ಕ, ವಲಸಿಗರದೇ ಹಳೇ ಪತ್ರಿಕೆಗಳನ್ನು ಕೆದಕಿ ಇದನ್ನೆಲ್ಲ ತೆಗೆದರು. 1941ರಲ್ಲಿ ಅದು ಪುಸ್ತಕವಾಯಿತು. ವಲಸಿಗರ ಬಗ್ಗೆಯೇ ಬರೆದ ಇನ್ನೊಂದು ಪುಸ್ತಕಕ್ಕೆ 1952ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ದಶಕಗಳ ಕಾಲ ಹಾರ್ವರ್ಡ್‌ನಲ್ಲೇ ಪಾಠ ಮಾಡಿದರು.

ಸುಮ್ನೆ ಪಾಠ ಮಾಡಿಕೊಂಡು ಕೂರಲಿಲ್ಲ. ಯಾವ ದೇಶದವರು ಅಂತ ನೋಡಿ ಜನರನ್ನು ಒಳಗೆ ಸೇರಿಸುವ 1924ರ ಕೋಟಾ ಕಾಯ್ದೆ ತಪ್ಪು ಅಂತ ವಾದಿಸಿದರು. ಆ ಪದ್ಧತಿ 1965ರಲ್ಲಿ ಹೋಯಿತು. ನಮ್ಮೂರುಗಳ ಡಾಕ್ಟರು, ಎಂಜಿನಿಯರುಗಳು ಅಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಹೋಗಿದ್ದು ಆಮೇಲೇ ಅಲ್ವಾ? ಭಾನುವಾರದ ಪುರವಣಿಯಲ್ಲಿ ಅವರಿಗೆ ಅರ್ಧ ಪುಟ ಕೊಡಿ. ನನ್ನ ವಿದ್ಯಾರ್ಥಿಗಳಿಗೆ ನಾನೇ ಓದಿ ಹೇಳುತ್ತೇನೆ.

– ಇತಿಹಾಸದ ಮೇಷ್ಟ್ರು, ಹಾಸನ