ಒಂದು ಸರದಿಯ ಬಗ್ಗೆ ಬರೆ

ಪ್ರೀತಿಯ ತಂಗಿಗೆ,

‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಅನ್ನುವ ವಿಡಿಯೊ ಗೇಮ್ ಬಗ್ಗೆ, ಚೌಕಗಳ ಮೈದಾನದಲ್ಲಿ ಸರದಿಯ ಪ್ರಕಾರ ಒಂದು ದಳವನ್ನು ನಡೆಸಿ ಕಾದಾಡುವ ಆ ಆಟದ ಬಗ್ಗೆ, ನೀನು ಬರೆದ ಲೇಖನ ಓದಿದೆ. ಇಂಥ ಆಟದ ಬಗ್ಗೆ ಕನ್ನಡದಲ್ಲಿ ಉದ್ದಕ್ಕೆ ಬರೆಯುವ ಆಸೆ ನಿನಗೆ ಬಂತಲ್ಲ, ಅದೇ ನನಗೆ ದೊಡ್ಡ ಖುಷಿ. ಕ್ರಿಕೆಟ್ ಬಗ್ಗೆ ಬರೆಯುವವರಿಗೆ ಒಂದು ಅನುಕೂಲ ಇದೆ. ನಿಯಮಗಳನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ನಿನಗೆ ಆ ಅನುಕೂಲ ಇಲ್ಲ. ನಿಯಮವನ್ನೂ ನೀನೇ ಹೇಳಬೇಕು, ಅದರ ರುಚಿಯನ್ನೂ ನೀನೇ ಹತ್ತಿಸಬೇಕು. ಕಷ್ಟದ ಕೆಲಸ. ಅದಕ್ಕೇ ಸ್ವಲ್ಪ ಉದ್ದದ ಪತ್ರ ಬರೆಯುತ್ತಿದ್ದೇನೆ.

ನೀನು ಕೊಟ್ಟ ಮಾಹಿತಿಯಲ್ಲಿ ತಪ್ಪಿಲ್ಲ. 1997ರಲ್ಲಿ ಜಪಾನಿನ ಸ್ಕ್ವೇರ್ ಕಂಪನಿ ಪ್ಲೇಸ್ಟೇಷನ್‌ಗೆ ತಂದದ್ದು, ನಿರ್ದೇಶಕ ಯಾಸುಮಿ ಮಾತ್ಸುನೊ, ಅವರು ಅದಕ್ಕೂ ಮುಂಚೆ ಕ್ವೆಸ್ಟ್ ಕಂಪನಿಯಲ್ಲಿದ್ದಾಗ 1995ರಲ್ಲಿ ಬಂದ ‘ಟ್ಯಾಕ್ಟಿಕ್ಸ್ ಓಗರ್’, ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಗೆ 2007ರಲ್ಲಿ ಬಂದ ಆವೃತ್ತಿ, ಎಲ್ಲ ಸರಿ ಇದೆ. ಆಮೇಲೆ ಜಾಬ್‌ಗಳ, ಅಂದರೆ ಸೈನಿಕರು ಕಲಿಯುವ ಕಸುಬುಗಳ, ಪಟ್ಟಿ. ಅದರ ಹಿಂದೆಯೇ ಕಥೆಯ ಸಾರಾಂಶ. ಕೊನೆಗೆ, “ಇದು ತುಂಬಾ ಸಂಕೀರ್ಣ ಆಟ, ಅದಕ್ಕೇ ಜನಕ್ಕೆ ಇಷ್ಟ” ಅಂತ ಒಂದು ಸಾಲು. ಆ ಸಾಲಿಗೆ ಬಂದಾಗ ನನಗೆ ಬೇಜಾರಾಯಿತು. ನಿದ್ದೆಗೆಟ್ಟು ಈ ಆಟ ಆಡಿದವಳು ನೀನು. ಅಷ್ಟು ಹೊತ್ತು ನಿನ್ನನ್ನು ಹಿಡಿದು ಕೂರಿಸಿದ್ದು ಏನು ಅನ್ನುವುದು ಲೇಖನದಲ್ಲಿ ಎಲ್ಲೂ ಇಲ್ಲ.

ಇಡೀ ಆಟದ ಬಗ್ಗೆ ಬರೆಯಬೇಡ. ಒಂದು ಸರದಿಯ ಬಗ್ಗೆ ಬರೆ.

ಡಾರ್ಟರ್ ಊರಿನ ಕಾಳಗವನ್ನೇ ತೆಗೆದುಕೋ. ಕಥೆ ಇನ್ನೂ ಮೊದಲ ಅಧ್ಯಾಯದಲ್ಲಿದೆ. ನಿನ್ನ ದಳದಲ್ಲಿ ಇರುವವರೆಲ್ಲ ಹೊಸಬರು. ನೀನು ಕೆಳಗೆ ಬೀದಿಯಲ್ಲಿ, ಬಿಲ್ಲುಗಾರ ಎತ್ತರದ ಮನೆಯ ಮೇಲೆ. ಎತ್ತರದಲ್ಲಿ ಇರುವವನ ಬಾಣ ಜಾಸ್ತಿ ದೂರ ಬರುತ್ತದೆ. ಮಂತ್ರ ಹಾಕುವವರೂ ಅವನ ಕಡೆ ಇದ್ದಾರೆ. ಅಲ್ಲಿಯವರೆಗೆ ಸುಮ್ನೆ ಮುಂದೆ ನುಗ್ಗಿ ಹೊಡೆದು ಗೆದ್ದವರು ಇಲ್ಲಿ ಸೋಲುತ್ತಾರೆ. ಆ ಮೊದಲ ಸರದಿಯಲ್ಲಿ ನಿನ್ನ ಬೆರಳು ಬಟನ್ ಒತ್ತದೆ ನಿಂತದ್ದು ಯಾಕೆ? ಅದನ್ನು ಬರೆ.

ಇಲ್ಲಿ ಸರದಿ ಅನ್ನುವುದು ನೀನೊಮ್ಮೆ ನಾನೊಮ್ಮೆ ಅಂತ ಬರುವುದಿಲ್ಲ. ಪ್ರತಿಯೊಬ್ಬನಿಗೂ ಒಂದು ವೇಗ ಇದೆ, ಅದರ ಪ್ರಕಾರ ಅವನ ಲೆಕ್ಕ ತುಂಬುತ್ತಾ ಹೋಗುತ್ತದೆ. 100 ಮುಟ್ಟಿದಾಗ ಅವನ ಸರದಿ. ನಡೆದು ಹೊಡೆದರೆ ಆ ಲೆಕ್ಕದಿಂದ 100 ಕಳೆಯುತ್ತದೆ. ಎರಡರಲ್ಲಿ ಒಂದನ್ನೇ ಮಾಡಿದರೆ 80. ಎರಡನ್ನೂ ಮಾಡದೆ ನಿಂತರೆ 60 ಮಾತ್ರ. ಅಂದರೆ ಏನೂ ಮಾಡದವನ ಮುಂದಿನ ಸರದಿ ಬೇಗ ಬರುತ್ತದೆ. ಸುಮ್ಮನೆ ನಿಲ್ಲುವುದಕ್ಕೂ ಬೆಲೆ ಕಟ್ಟಿದ ಈ ಒಂದು ನಿಯಮ ಸಾಕು, ಓದುಗರು ಕಿವಿ ನಿಮಿರಿಸುತ್ತಾರೆ. ನಿನ್ನ ಲೇಖನದಲ್ಲಿ ಇದಕ್ಕೆ ಅರ್ಧ ಸಾಲು ಕೊಟ್ಟಿದ್ದೀಯ. ಅರ್ಧ ಪುಟ ಕೊಡು.

ಮಂತ್ರದ ವಿಷಯ ಇನ್ನೂ ಚೆನ್ನಾಗಿದೆ. ಬೆಂಕಿಯ ಮಂತ್ರ ಹಾಕಿದ ಕೂಡಲೇ ಬೆಂಕಿ ಬೀಳುವುದಿಲ್ಲ, ಅದಕ್ಕೆ ಸಮಯ ಬೇಕು. ಅದು ಯಾವಾಗ ಬೀಳುತ್ತದೆ, ಅದಕ್ಕೂ ಮುಂಚೆ ಯಾರ‍್ಯಾರ ಸರದಿ ಬರುತ್ತದೆ ಅಂತ ಆಟವೇ ಪಟ್ಟಿ ತೋರಿಸುತ್ತದೆ. ಮಂತ್ರವನ್ನು ಒಬ್ಬ ಶತ್ರುವಿನ ಮೇಲೆ ಇಡಬಹುದು, ಇಲ್ಲವೇ ನೆಲದ ಒಂದು ಚೌಕದ ಮೇಲೆ. ಚೌಕದ ಮೇಲೆ ಇಟ್ಟರೆ ಶತ್ರು ಜಾಗ ಬಿಟ್ಟು ಹೋಗಬಹುದು. ಶತ್ರುವಿನ ಮೇಲೆಯೇ ಇಟ್ಟರೆ ಅವನು ಹೋದಲ್ಲೆಲ್ಲ ಮಂತ್ರವೂ ಹೋಗುತ್ತದೆ. ಅವನು ಓಡಿ ಬಂದು ನಿನ್ನ ಮೂವರ ನಡುವೆ ನಿಂತುಬಿಟ್ಟರೆ? ನೀನೇ ಹಾಕಿದ ಬೆಂಕಿ ನಿನ್ನವರ ತಲೆಯ ಮೇಲೆ. ಇದನ್ನು ಕಣ್ಣಿಗೆ ಕಟ್ಟುವ ಹಾಗೆ ಬರೆದರೆ, ವಿಡಿಯೊ ಗೇಮ್ ಕಂಟ್ರೋಲರ್ ಮುಟ್ಟದವರಿಗೂ ಎದೆ ಢವಗುಟ್ಟುತ್ತದೆ.

ಶುರುವಿನಲ್ಲಿ ನೀನು ಪಗಡೆಯ ಹೋಲಿಕೆ ತಂದಿದ್ದೀಯ. ಬರೀ “ನಮ್ಮಲ್ಲೂ ಇಂಥ ಆಟ ಇತ್ತು” ಅನ್ನುವುದಕ್ಕಾದರೆ ಅದನ್ನು ತೆಗೆದುಹಾಕು. ಇಟ್ಟುಕೊಳ್ಳುವುದಾದರೆ ವ್ಯತ್ಯಾಸ ತೋರಿಸುವುದಕ್ಕೆ ಇಟ್ಟುಕೋ. ಪಗಡೆಯಲ್ಲಿ ದಾಳ ಮೊದಲು ಬೀಳುತ್ತದೆ, ಯಾವ ಕಾಯಿ ನಡೆಸಬೇಕು ಅನ್ನುವ ಯೋಚನೆ ಆಮೇಲೆ. ಇಲ್ಲಿ ಯೋಚನೆ ಮೊದಲು, ದಾಳ ಆಮೇಲೆ. ಹೊಡೆತ ತಾಗುವ ಸಾಧ್ಯತೆ ಶೇಕಡಾ ಇಷ್ಟು ಅಂತ ಪರದೆಯ ಮೇಲೆ ಬರುತ್ತದೆ. ಆಗ ನೀನು ಹೂಂ ಅನ್ನಬೇಕು. ಹಿಂದಿನಿಂದ ಹೋದರೆ ಅವನ ಗುರಾಣಿ ಕೆಲಸಕ್ಕೆ ಬರುವುದಿಲ್ಲ, ಅಂಕಿ ಏರುತ್ತದೆ. ಆದರೆ ಹಿಂದೆ ಹೋಗಿ ನಿಂತರೆ ನಿನ್ನ ಬೆನ್ನು ಇನ್ನೊಬ್ಬನಿಗೆ ಸಿಗುತ್ತದೆ. ಸರದಿ ಮುಗಿಸುವಾಗ ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಅಂತಲೂ ಆಟ ಕೇಳುತ್ತದೆ! ನನಗೆ ಈ ಆಟದಲ್ಲಿ ಅತಿ ಇಷ್ಟವಾದ ಪ್ರಶ್ನೆ ಅದು.

ಸೆಳೆತ ಇರುವುದು ಇಲ್ಲಿ ಅಂತ ನಾನು ನಂಬಿದ್ದೇನೆ. ಎಲ್ಲವೂ ಕಣ್ಣೆದುರು ಇದೆ. ಅಂಕಿ, ಎತ್ತರ, ಸರದಿಯ ಪಟ್ಟಿ, ಯಾವುದನ್ನೂ ಮುಚ್ಚಿಟ್ಟಿಲ್ಲ. ಯಾರೂ ಅವಸರ ಮಾಡುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ಇಷ್ಟಾದ ಮೇಲೂ ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಬೇಕು. ಆಯ್ಕೆ ನಿನ್ನದೇ. ಹಾಗಾಗಿ ಗೆಲುವು ಪೂರ್ತಿ ನಿನ್ನದಾಗುತ್ತದೆ, ಸತ್ತ ಸೈನಿಕನ ಹೊಣೆಯೂ ನಿನ್ನದಾಗುತ್ತದೆ.

ಸಾವಿನ ನಿಯಮ ಓದುಗರಿಗೆ ಹೇಳಲೇಬೇಕು. ಒಬ್ಬ ಬಿದ್ದರೆ ಅವನ ತಲೆಯ ಮೇಲೆ 3 ಅಂತ ಅಂಕಿ ಮೂಡುತ್ತದೆ. ಅವನ ಸರದಿ ಬಂದಾಗಲೆಲ್ಲ ಒಂದೊಂದು ಇಳಿಯುತ್ತದೆ. ಅದು ಮುಗಿಯುವುದರೊಳಗೆ ಎಬ್ಬಿಸದಿದ್ದರೆ ಅವನು ಸ್ಫಟಿಕವಾಗಿಯೋ ಪೆಟ್ಟಿಗೆಯಾಗಿಯೋ ಉಳಿದುಬಿಡುತ್ತಾನೆ, ಮತ್ತೆ ಬರುವುದಿಲ್ಲ. ಸ್ಫಟಿಕವಾದರೆ ಅವನು ಕಲಿತದ್ದರಲ್ಲಿ ಒಂದಷ್ಟನ್ನು ಅದನ್ನು ಎತ್ತಿಕೊಂಡವನು ಪಡೆಯಬಹುದು. ನಿನ್ನ ಸೈನಿಕರಿಗೆ ಒಬ್ಬೊಬ್ಬರಿಗೂ ಹೆಸರಿದೆ. ಗಂಟೆಗಟ್ಟಲೆ ಜೊತೆಗೆ ಇಟ್ಟುಕೊಂಡು ಬೆಳೆಸಿದ ಹುಡುಗಿ ಬಿದ್ದಿದ್ದಾಳೆ, ಅಂಕಿ 1ಕ್ಕೆ ಬಂದಿದೆ, ಔಷಧಿ ಇರುವವನ ಸರದಿ ಅವಳ ಸರದಿಗಿಂತ ಸ್ವಲ್ಪ ಹಿಂದೆ ಉಳಿದಿದೆ. ಅವನು ಹಿಂದಿನ ಸರದಿಯಲ್ಲಿ ನಡೆಯದೆ ನಿಂತಿದ್ದರೆ? ಈಗ ಮೇಲಿನ 100, 80, 60ರ ಲೆಕ್ಕ ಓದುಗರಿಗೆ ತಾನಾಗಿಯೇ ನೆನಪಾಗುತ್ತದೆ. ನಿಯಮ ಹೇಳುವುದು ಇದಕ್ಕಾಗಿ.

ಜಾಬ್‌ಗಳ ಪಟ್ಟಿ ಪೂರ್ತಿ ತೆಗೆದುಹಾಕು. ಒಂದನ್ನು ಇಟ್ಟುಕೋ ಸಾಕು. ನಾನಾದರೆ ಅರಿತ್ಮೆಟಿಶಿಯನ್ ಇಟ್ಟುಕೊಳ್ಳುತ್ತಿದ್ದೆ. ಗಣಿತದಿಂದ ಮಂತ್ರ ಹಾಕುವವನು! ‘ಲೆವೆಲ್’, ‘5’ ಅಂತ ಆರಿಸಿದರೆ, ಯಾರ ಲೆವೆಲ್ 5ರಿಂದ ಭಾಗವಾಗುತ್ತದೋ ಅವರೆಲ್ಲರ ಮೇಲೂ ಮಂತ್ರ ಬೀಳುತ್ತದೆ, ಮೈದಾನದ ಯಾವ ಮೂಲೆಯಲ್ಲಿದ್ದರೂ. ಕಾಯುವ ಸಮಯ ಇಲ್ಲ, ಶಕ್ತಿಯೂ ಖರ್ಚಾಗುವುದಿಲ್ಲ. ಆದರೆ ಗಣಿತಕ್ಕೆ ನಮ್ಮವರು ತಮ್ಮವರು ಅಂತ ಇಲ್ಲ, ನಿನ್ನವರಿಗೂ ಬೀಳುತ್ತದೆ. ಅದಕ್ಕೇ ಅನುಭವ ಇರುವವರು ‘ಹೋಲಿ’ ಅನ್ನುವ ಬೆಳಕಿನ ಮಂತ್ರವನ್ನು ಹೀರಿಕೊಳ್ಳುವ ಕಮೀಲಿಯನ್ ನಿಲುವಂಗಿಯನ್ನು ತಮ್ಮವರಿಗೆ ತೊಡಿಸುತ್ತಾರೆ. ಶತ್ರುವನ್ನು ಸುಡುವ ಬೆಳಕು ತಮ್ಮವರಿಗೆ ಮದ್ದಾಗುತ್ತದೆ. ಜನ ಈ ಆಟಕ್ಕಾಗಿ ನೋಟ್‌ಬುಕ್ ಇಟ್ಟುಕೊಂಡು ಲೆಕ್ಕ ಹಾಕುವುದು ಯಾಕೆ ಅಂತ ಇದೊಂದರಿಂದ ಗೊತ್ತಾಗುತ್ತದೆ. ಒಂದು ಜಾಬ್‌ನಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಹೊತ್ತೊಯ್ಯಬಹುದು ಅನ್ನುವುದನ್ನೂ ಇಲ್ಲಿಯೇ ಸೇರಿಸಿಬಿಡು.

ಈಗ ಕಥೆ. ನೀನು ಕಥೆಯನ್ನು ಒಂದು ಕಡೆ, ಆಟವನ್ನು ಇನ್ನೊಂದು ಕಡೆ ಇಟ್ಟಿದ್ದೀಯ. ನನಗೆ ತಕರಾರು ಇರುವುದು ಮುಖ್ಯವಾಗಿ ಇಲ್ಲಿಯೇ. ಮಾತ್ಸುನೊ ಅವೆರಡನ್ನೂ ಒಂದೇ ನೂಲಿನಲ್ಲಿ ನೇಯ್ದಿದ್ದಾರೆ.

ಆಟದಲ್ಲಿ ಪ್ರತಿಯೊಬ್ಬನಿಗೂ ‘ಫೇತ್’ ಅಂತ ಒಂದು ಅಂಕಿ ಇದೆ. ಮಂತ್ರ ಹಾಕುವವನ ಫೇತ್ ಮತ್ತು ಅದು ತಗಲುವವನ ಫೇತ್, ಎರಡನ್ನೂ ಗುಣಿಸಿ ಮಂತ್ರದ ಬಲ ನಿರ್ಧಾರವಾಗುತ್ತದೆ. ನಂಬಿಕೆ ಜಾಸ್ತಿ ಇದ್ದವನಿಗೆ ಗುಣಪಡಿಸುವ ಮಂತ್ರ ಚೆನ್ನಾಗಿ ಹತ್ತುತ್ತದೆ. ಶತ್ರುವಿನ ಸಿಡಿಲೂ ಅಷ್ಟೇ ಜೋರಾಗಿ ಹತ್ತುತ್ತದೆ. ನಂಬಿಕೆಯೇ ಇಲ್ಲದವನನ್ನು ಮಂತ್ರ ಕೊಲ್ಲುವುದೂ ಇಲ್ಲ, ಉಳಿಸುವುದೂ ಇಲ್ಲ. ಫೇತ್ ತೀರಾ ಏರಿದರೆ ಅವನು ನಿನ್ನ ದಳವನ್ನೇ ಬಿಟ್ಟು ದೇವರ ದಾರಿ ಹಿಡಿದು ಹೋಗುತ್ತಾನೆ. ಇನ್ನು ಕಥೆ ಏನು? ಇವಾಲೀಸ್ ಅನ್ನುವ ನಾಡಿನಲ್ಲಿ ಇಬ್ಬರು ದೊರೆಗಳು ಸಿಂಹಾಸನಕ್ಕಾಗಿ ಹೊಡೆದಾಡುತ್ತಿದ್ದಾರೆ. ಹಿಂದೆ ನಿಂತ ಧರ್ಮಪೀಠ ಜನರ ನಂಬಿಕೆಯನ್ನೇ ಆಯುಧ ಮಾಡಿಕೊಂಡಿದೆ. ನಂಬಿದವರಿಗೆ ಅದು ಆಸರೆ, ಅವರನ್ನು ಸುಡುವುದೂ ಅದೇ. ಅಂಕಿಯೊಳಗೆ ಇರುವುದೂ ಕಥೆಯೊಳಗೆ ಇರುವುದೂ ಬೇರೆ ಬೇರೆ ಅಲ್ಲ. ನಿನ್ನ ಲೇಖನದ ನಡುಗಂಬ ಇದೇ ಆಗಬೇಕು ಅಂತ ನನ್ನ ಆಸೆ.

ಡೆಲಿಟಾ ಬಗ್ಗೆ ನೀನು ಬರೆದ ಭಾಗ ಚೆನ್ನಾಗಿದೆ. ಆಟದ ನಾಯಕ, ದೊಡ್ಡ ಮನೆತನದ ರಾಮ್ಜಾ ಜೊತೆ ಬೆಳೆದ ಬಡ ಹುಡುಗ ಅವನು. ಝೀಕ್‌ಡೆನ್ ಕೋಟೆಯ ಮುಂದೆ ಅವನ ತಂಗಿ ಟಿಯೆಟ್ರಾಳನ್ನು ರಾಮ್ಜಾ ಕಡೆಯವರೇ ಬಾಣ ಬಿಟ್ಟು ಕೊಲ್ಲುತ್ತಾರೆ, ಅವಳು ಸಾಮಾನ್ಯರ ಮಗಳು, ಲೆಕ್ಕಕ್ಕಿಲ್ಲ ಅಂತ. ಅಲ್ಲಿಂದ ಡೆಲಿಟಾ ಜನರನ್ನು ಕಾಯಿಗಳ ಹಾಗೆ ನಡೆಸುತ್ತಾ ಹೋಗಿ ರಾಜನಾಗುತ್ತಾನೆ. ಚರಿತ್ರೆ ಅವನನ್ನು ವೀರ ಅನ್ನುತ್ತದೆ. ರಾಮ್ಜಾನನ್ನು ಧರ್ಮದ್ರೋಹಿ ಅಂದು ಅಳಿಸಿಹಾಕುತ್ತದೆ. ಇಡೀ ಕಥೆಯನ್ನು ಹೇಳುವವನು ಎಷ್ಟೋ ಕಾಲದ ನಂತರ ಹಳೆಯ ದಾಖಲೆ ಹಿಡಿದು ಕೂತ ಇತಿಹಾಸಕಾರ. ಇಲ್ಲಿ ಒಂದು ಮಾತು ಸೇರಿಸು: ರಾಮ್ಜಾ ನಿಜಕ್ಕೂ ಏನು ಮಾಡಿದ ಅನ್ನುವುದು ಆಡಿದವರಿಗೆ ಗೊತ್ತು, ಯಾಕೆಂದರೆ ಪ್ರತಿ ಹೆಜ್ಜೆಯನ್ನೂ ಇಟ್ಟವರು ಅವರೇ. ಆದರೆ ಕೊನೆಯ ದೃಶ್ಯ ಹೇಳಿಬಿಡಬೇಡ. ಅದು ಆಡುವವರಿಗೆ ಇರಲಿ.

ಆಟದ ಕೊರತೆಗಳನ್ನೂ ಮುಚ್ಚಿಡಬೇಡ. ಒಬ್ಬ ದುರ್ಬಲ ಶತ್ರುವನ್ನು ಉಳಿಸಿಕೊಂಡು, ತಮ್ಮವರ ಮೇಲೆಯೇ ಕಲ್ಲೆಸೆದು ಜಾಬ್ ಕಲಿಯಲು ಬೇಕಾದ ಪಾಯಿಂಟ್ ಗಳಿಸುವುದು ಎಲ್ಲರೂ ಮಾಡುವ ಕೆಲಸ. ಬೇಸರ ತರಿಸುವ ಕೆಲಸ. ಓರ್ಲಾಂಡೊ ಅನ್ನುವ ಕತ್ತಿವೀರ ದಳಕ್ಕೆ ಸೇರಿದ ಮೇಲೆ ಆಟದ ಬಿಗಿ ಸಡಿಲವಾಗುತ್ತದೆ, ಅವನೊಬ್ಬನೇ ಎಲ್ಲರನ್ನೂ ಹೊಡೆದು ಹಾಕುತ್ತಾನೆ. 1997ರ ಆಟದ ರಿಯೊವಾನೆಸ್ ಕೋಟೆಯಲ್ಲಂತೂ ಹೊರಗೆ ಹೋಗುವ ದಾರಿಯಿಲ್ಲದೆ ಒಂದರ ಹಿಂದೆ ಒಂದು ಕಾಳಗ. ನಡುವೆ ಸೇವ್ ಮಾಡಿ, ಹಳೆಯ ಸೇವ್ ಇಟ್ಟುಕೊಳ್ಳದವರು ಅಲ್ಲೇ ಸಿಕ್ಕಿಹಾಕಿಕೊಂಡು ಮೊದಲಿಂದ ಶುರು ಮಾಡಿದ್ದಾರೆ. ಅಲ್ಲಿ ರಾಮ್ಜಾ ಒಬ್ಬನೇ ವೀಗ್ರಾಫ್ ಅನ್ನುವ ಶತ್ರುವಿನ ಎದುರು ನಿಲ್ಲಬೇಕು. ಉಳಿದವರನ್ನು ಬೆಳೆಸಿ ಅವನನ್ನು ಹಿಂದೆ ಬಚ್ಚಿಟ್ಟವರಿಗೆ ಅದು ಶಿಕ್ಷೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ, ಆದರೆ ಅಲ್ಲಿ ಕೂಗಿ ಕೂಗಿ ತನ್ನ ವೇಗ ಹೆಚ್ಚಿಸಿಕೊಂಡು ಗೆಲ್ಲುವ ರಾಮ್ಜಾನಷ್ಟು ನೆನಪಿನಲ್ಲಿ ಉಳಿಯುವುದು ಈ ಆಟದಲ್ಲಿ ಇನ್ನೊಂದಿಲ್ಲ. ಎರಡನ್ನೂ ಬರೆ.

2025ರ ಸೆಪ್ಟೆಂಬರ್ 30ರಂದು ‘ದಿ ಇವಾಲೀಸ್ ಕ್ರಾನಿಕಲ್ಸ್’ ಹೆಸರಿನಲ್ಲಿ ಆಟ ಮತ್ತೆ ಬಂದಿದೆ. ಪಾತ್ರಗಳಿಗೆ ದನಿ ಕೊಟ್ಟ ಹೊಸ ರೂಪವೂ ಇದೆ, ಹಳೆಯ ರೂಪವೂ ಇದೆ. ನಿನ್ನ ಲೇಖನ ಓದಿ ಆಡಲು ಹೊರಟವರ ಕೈಗೆ ಸಿಗುವುದು ಇದೇ. ಹಾಗಾಗಿ ಡಾರ್ಟರ್ ಕಾಳಗವನ್ನು ಎರಡರಲ್ಲೂ ಒಮ್ಮೆ ಆಡಿ ನೋಡಿ, ಆಮೇಲೆ ಬರೆಯಲು ಕೂರು. ಮುಂದಿನ ಕರಡನ್ನು ಪೂರ್ತಿ ಮುಗಿಸುವವರೆಗೆ ಕಾಯಬೇಡ. ಆ ಮೊದಲ ಸರದಿಯ ಎರಡು ಪುಟ ಆದ ಕೂಡಲೇ ಕಳಿಸು. ಬಿಲ್ಲುಗಾರನನ್ನು ಏನು ಮಾಡಿದೆ ಅಂತ ಓದಬೇಕು ನನಗೆ.

ಪ್ರೀತಿಯಿಂದ,
ನಿನ್ನ ಅಣ್ಣ